ಗಂಟಿಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಯೇ? ಬಾಯೊಳಗಿನ ಜೊಲ್ಲುಗ್ರಂಥಿ ಕ್ಯಾನ್ಸರ್ ಪತ್ತೆ ತಡವಾಗುವುದೇಕೆ?

"ಗಂಟು ಕಂಡರೆ ಮುಟ್ಟಬೇಡಿ. ಸೂಜಿ ಚುಚ್ಚಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ. ನಿಮ್ಮವರಿಗೆಲ್ಲ ಕಳಿಸಿ, ಒಂದು ಜೀವ ಉಳಿಸಿ."

ಹೆಚ್ಚುಕಡಿಮೆ ಹೀಗೇ ಇರುವ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ನಮ್ಮ ಕುಟುಂಬದ ಗ್ರೂಪ್‌ಗೂ ಬಂದಿತ್ತು. ಬಂದದ್ದು ಕೂಡ ಸರಿಯಾಗಿ ನಮ್ಮ ದೊಡ್ಡಮ್ಮನಿಗೆ ಬಯಾಪ್ಸಿ ಮಾಡಿಸಬೇಕೆಂದು ಡಾಕ್ಟರು ಬರೆದುಕೊಟ್ಟ ವಾರ.

ದೊಡ್ಡಮ್ಮನ ಅಂಗುಳದಲ್ಲಿ, ಅಂದರೆ ನಾಲಿಗೆ ಮೇಲೆತ್ತಿದರೆ ತಾಗುವ ಜಾಗದಲ್ಲಿ, ಬಲಗಡೆಯ ದವಡೆ ಹಲ್ಲಿನ ಪಕ್ಕ ಒಂದು ಗಂಟು ಎದ್ದಿತ್ತು. ಅವರು ಎಲೆ ಅಡಿಕೆ ಹಾಕಿದವರಲ್ಲ, ಹೊಗೆಸೊಪ್ಪು ಮುಟ್ಟಿದವರಲ್ಲ. ಮೊದಲು ತೋರಿಸಿದ ಕಡೆ ಹಲ್ಲಿನ ಬೇರಿನ ಸೋಂಕು ಎಂದರು. ಎರಡು ಸಲ ಆಂಟಿಬಯೋಟಿಕ್ ಆಯಿತು, ರೂಟ್ ಕೆನಾಲ್ ಆಯಿತು, ಕೊನೆಗೆ ಹಲ್ಲನ್ನೇ ಕಿತ್ತರು. ಗಂಟು ಮಾತ್ರ ಅಲ್ಲೇ ಇತ್ತು. ಒಂಬತ್ತು ತಿಂಗಳು ಹೀಗೆ ಕಳೆದ ಮೇಲೆ ಇನ್ನೊಬ್ಬ ದಂತವೈದ್ಯೆ ಅದನ್ನು ಬೆರಳಲ್ಲಿ ಒತ್ತಿ ನೋಡಿ, "ಇದು ಹಲ್ಲಿನ ತೊಂದರೆ ಅನ್ನಿಸುತ್ತಿಲ್ಲ. ಬಯಾಪ್ಸಿ ಮಾಡಿಸಿ" ಎಂದರು.

ಆಗ ಬಂತು ಆ ಫಾರ್ವರ್ಡ್. ಗ್ರೂಪ್‌ನಲ್ಲಿದ್ದ ಇಪ್ಪತ್ತೆಂಟು ಜನರಲ್ಲಿ ಯಾರೂ ಅದನ್ನು ಪ್ರಶ್ನಿಸಲಿಲ್ಲ. ದೊಡ್ಡಮ್ಮ ನನಗೆ ಫೋನ್ ಮಾಡಿ, "ನೋವೇ ಇಲ್ಲ ಕಣೇ. ಕ್ಯಾನ್ಸರ್ ಆಗಿದ್ರೆ ನೋವಿರ್ತಿರ್ಲಿಲ್ವಾ? ಸುಮ್ನೆ ಯಾಕೆ ಚುಚ್ಚಿಸ್ಕೊಳ್ಳೋದು?" ಎಂದರು. ಸಂವಹನ ವಿಷಯದಲ್ಲಿ ಎಂ.ಎ. ಮಾಡಿ, ಇಂಥ ಸಂದೇಶಗಳು ಹೇಗೆ ಹರಡುತ್ತವೆ ಎಂದು ಅಧ್ಯಯನ ಮಾಡುವವಳು ನಾನು. ಆದರೂ, "ಡಾಕ್ಟರು ಹೇಳಿದ ಹಾಗೆ ಮಾಡಿ ದೊಡ್ಡಮ್ಮ" ಎಂದಷ್ಟೇ ಹೇಳಿ ಫೋನ್ ಇಟ್ಟೆ. ಗ್ರೂಪ್‌ನಲ್ಲಿ ಹಿರಿಯರ ಎದುರು ಮಾತಾಡಲು ಹಿಂಜರಿದೆ. ಬಯಾಪ್ಸಿ ಇನ್ನೂ ಮೂರು ತಿಂಗಳು ಮುಂದಕ್ಕೆ ಹೋಯಿತು.

ಕೊನೆಗೆ ಬಂದ ವರದಿಯಲ್ಲಿ ಇದ್ದ ಹೆಸರು, ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ. ಜೊಲ್ಲುಗ್ರಂಥಿಯಲ್ಲಿ ಹುಟ್ಟುವ ಒಂದು ಅಪರೂಪದ ಕ್ಯಾನ್ಸರ್.

ನಾನು ವೈದ್ಯೆಯಲ್ಲ. ಆದರೆ ಅಂದು ಆ ಫೋನ್‌ನಲ್ಲಿ ಹೇಳಬೇಕಾಗಿದ್ದನ್ನು ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಾಯೊಳಗೆ ಜೊಲ್ಲುಗ್ರಂಥಿ ಎಲ್ಲೆಲ್ಲಿವೆ?

ನಮ್ಮ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಒಂದೂವರೆ ಲೀಟರ್‌ವರೆಗೆ ಜೊಲ್ಲು ಉತ್ಪತ್ತಿಯಾಗುತ್ತದೆ. ಇದನ್ನು ತಯಾರಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಮುಂದೆ ಮತ್ತು ಕೆಳಗೆ ಪರೋಟಿಡ್ ಗ್ರಂಥಿ. ಮಂಗನಬಾವು ಬಂದಾಗ ಊದಿಕೊಳ್ಳುವುದು ಇದೇ. ಕೆಳದವಡೆಯ ಅಡಿಯಲ್ಲಿ ಇನ್ನೊಂದು ಜೊತೆ, ನಾಲಿಗೆಯ ಅಡಿಯಲ್ಲಿ ಮತ್ತೊಂದು ಜೊತೆ.

ಇವಲ್ಲದೆ ಕಣ್ಣಿಗೆ ಕಾಣದಷ್ಟು ಸಣ್ಣ ಗ್ರಂಥಿಗಳು ಸುಮಾರು 600ರಿಂದ 1000 ಇವೆ. ತುಟಿಯ ಒಳಭಾಗ, ಕೆನ್ನೆಯ ಒಳಭಾಗ, ಅಂಗುಳ, ನಾಲಿಗೆ, ಗಂಟಲು ಹೀಗೆ ಎಲ್ಲೆಡೆ ಹರಡಿಕೊಂಡಿವೆ. ನಾಲಿಗೆಯ ತುದಿಯಿಂದ ಕೆಳತುಟಿಯ ಒಳಬದಿಯನ್ನು ಸವರಿ ನೋಡಿ. ಸಣ್ಣ ಸಾಸಿವೆ ಕಾಳಿನಂತೆ ತರಿತರಿಯಾಗಿ ಸಿಗುವುದು ಈ ಗ್ರಂಥಿಗಳೇ. ಅದು ರೋಗವಲ್ಲ, ಎಲ್ಲರಿಗೂ ಇರುವುದೇ.

ಈ ಗ್ರಂಥಿಗಳಲ್ಲಿ ಯಾವುದರಲ್ಲಿ ಬೇಕಾದರೂ ಗೆಡ್ಡೆ ಬೆಳೆಯಬಹುದು. ಇಲ್ಲಿ ನೆನಪಿಡಬೇಕಾದ ಒಂದು ವಿಚಿತ್ರ ಲೆಕ್ಕವಿದೆ. ಗ್ರಂಥಿ ಚಿಕ್ಕದಾದಷ್ಟೂ ಅದರಲ್ಲಿ ಹುಟ್ಟುವ ಗೆಡ್ಡೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಹೆಚ್ಚು. ಪರೋಟಿಡ್ ಗ್ರಂಥಿಯ ಗೆಡ್ಡೆಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಕ್ಯಾನ್ಸರ್ ಅಲ್ಲದವು. ಅದೇ ಬಾಯೊಳಗಿನ ಸಣ್ಣ ಗ್ರಂಥಿಗಳ ಗೆಡ್ಡೆಗಳಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ. ಈ ಸಣ್ಣ ಗ್ರಂಥಿಗಳ ಗೆಡ್ಡೆ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗವೆಂದರೆ ಅಂಗುಳ. ಅದರಲ್ಲೂ ನಟ್ಟನಡುವೆ ಅಲ್ಲ, ಒಂದು ಪಕ್ಕಕ್ಕೆ, ಗಟ್ಟಿ ಅಂಗುಳ ಮುಗಿದು ಮೆತ್ತನೆಯ ಅಂಗುಳ ಶುರುವಾಗುವ ಆಸುಪಾಸಿನಲ್ಲಿ.

ಇದು ಎಷ್ಟು ಅಪರೂಪ?

ಜಾಗತಿಕ ಕ್ಯಾನ್ಸರ್ ಅಂದಾಜು ಪಟ್ಟಿಯಾದ ಗ್ಲೋಬೋಕ್ಯಾನ್ ಪ್ರಕಾರ 2020ರಲ್ಲಿ ಇಡೀ ಪ್ರಪಂಚದಲ್ಲಿ ಪತ್ತೆಯಾದ ಜೊಲ್ಲುಗ್ರಂಥಿ ಕ್ಯಾನ್ಸರ್ ಸುಮಾರು 53 ಸಾವಿರ. ಅದೇ ವರ್ಷ ಭಾರತವೊಂದರಲ್ಲೇ ತುಟಿ ಮತ್ತು ಬಾಯಿ ಕ್ಯಾನ್ಸರ್‌ನ ಹೊಸ ಪ್ರಕರಣಗಳು ಸುಮಾರು 1 ಲಕ್ಷ 35 ಸಾವಿರ. ಅಂದರೆ ನಮ್ಮ ದೇಶದ ವೈದ್ಯರು ಬಾಯಿ ಕ್ಯಾನ್ಸರ್ ಎಂದಾಗ ನೋಡುವುದು ಬಹುಪಾಲು ಹೊಗೆಸೊಪ್ಪು, ಗುಟ್ಕಾ, ಅಡಿಕೆಯ ಜೊತೆ ನಂಟಿರುವ, ಬಾಯಿಯ ಮೇಲ್ಪದರದಲ್ಲಿ ಹುಣ್ಣಾಗಿ ಕಾಣಿಸಿಕೊಳ್ಳುವ ಕ್ಯಾನ್ಸರನ್ನು.

ಜೊಲ್ಲುಗ್ರಂಥಿಯ ಕ್ಯಾನ್ಸರ್ ಹಾಗೆ ಶುರುವಾಗುವುದಿಲ್ಲ. ಅದು ಮೇಲ್ಪದರದ ಅಡಿಯಲ್ಲಿರುವ ಗ್ರಂಥಿಯಲ್ಲಿ ಹುಟ್ಟುತ್ತದೆ. ಹಾಗಾಗಿ ಎಷ್ಟೋ ಕಾಲ ಮೇಲಿನ ಚರ್ಮ ನುಣುಪಾಗಿಯೇ ಇರುತ್ತದೆ. ಹುಣ್ಣಿಲ್ಲ, ರಕ್ತವಿಲ್ಲ, ನೋವಿಲ್ಲ. ಬೆಳೆಯುವುದೂ ನಿಧಾನ. ಕೆಲವರಲ್ಲಿ ವರ್ಷಗಟ್ಟಲೆ ಒಂದೇ ಗಾತ್ರದಲ್ಲಿ ಇದ್ದಂತೆ ತೋರುತ್ತದೆ. ನೋಡುವ ವೈದ್ಯರಿಗೂ ಇದು ಅಪರೂಪ, ರೋಗಿಗೂ ತೊಂದರೆ ಕೊಡುವುದಿಲ್ಲ. ಪತ್ತೆ ತಡವಾಗಲು ಈ ಎರಡೇ ಕಾರಣ ಸಾಕು.

ಬಾಯಲ್ಲಿ ಕಾಣುವ ಗಂಟೆಲ್ಲ ಕ್ಯಾನ್ಸರ್ ಅಲ್ಲ

ಇಷ್ಟು ಓದಿ ಕನ್ನಡಿಯ ಮುಂದೆ ಹೋಗಿ ಗಾಬರಿಯಾಗಬೇಡಿ. ಬಾಯಲ್ಲಿ ಕಾಣುವ ಉಬ್ಬುಗಳಲ್ಲಿ ಹೆಚ್ಚಿನವು ನಿರಪಾಯಕಾರಿ.

ಕೆಳತುಟಿಯ ಒಳಗೆ ನೀರು ತುಂಬಿದ ಗುಳ್ಳೆಯಂತೆ ಎದ್ದು, ಒಡೆದು, ಮತ್ತೆ ಬರುವುದು ಸಾಮಾನ್ಯವಾಗಿ ಮ್ಯೂಕೋಸೀಲ್. ತುಟಿ ಕಚ್ಚಿಕೊಂಡಾಗ ಸಣ್ಣ ಗ್ರಂಥಿಯ ನಾಳ ಹರಿದು ಜೊಲ್ಲು ಒಳಗೇ ಸೇರಿಕೊಂಡು ಹೀಗಾಗುತ್ತದೆ.

ಊಟಕ್ಕೆ ಕೂತಾಗ, ಅದರಲ್ಲೂ ಹುಳಿ ಕಂಡಾಗ, ದವಡೆಯ ಕೆಳಗೆ ಊದಿಕೊಂಡು ನೋಯುವುದು, ಸ್ವಲ್ಪ ಹೊತ್ತಿಗೆ ಇಳಿಯುವುದು ಜೊಲ್ಲುನಾಳದ ಕಲ್ಲಿನ ಲಕ್ಷಣ. ಇಂಥ ಕಲ್ಲುಗಳಲ್ಲಿ ಸುಮಾರು 80 ಶೇಕಡಾ ಕೆಳದವಡೆಯ ಗ್ರಂಥಿಯಲ್ಲೇ ಆಗುತ್ತವೆ.

ಅಂಗುಳದ ನಟ್ಟನಡುವೆ ಮೂಳೆಯಷ್ಟೇ ಗಟ್ಟಿಯಾಗಿರುವ, ಬಹಳ ವರ್ಷಗಳಿಂದ ಇರುವ ಉಬ್ಬು ಸಾಮಾನ್ಯವಾಗಿ ಟೋರಸ್. ಅದು ನಿಜಕ್ಕೂ ಮೂಳೆಯೇ. ಏನೂ ಮಾಡಬೇಕಿಲ್ಲ.

ಹುಳುಕು ಹಲ್ಲಿನ ಬೇರಿನಲ್ಲಿ ಕೀವು ತುಂಬಿ ಅಂಗುಳದ ಕಡೆಗೆ ಊದಿಕೊಳ್ಳುವುದೂ ಉಂಟು. ನಮ್ಮ ದೊಡ್ಡಮ್ಮನಿಗೆ ಮೊದಲು ಹೇಳಿದ್ದು ಇದನ್ನೇ. ಅದು ತೀರಾ ಅಸಹಜವಾದ ಊಹೆಯೇನಲ್ಲ. ಅಂಗುಳದ ಊತಕ್ಕೆ ಹಲ್ಲಿನ ಸೋಂಕು ಬಹಳ ಸಾಮಾನ್ಯ ಕಾರಣ. ಆದರೆ ಇದನ್ನು ಖಚಿತಪಡಿಸಿಕೊಳ್ಳಲು ದಾರಿಯಿದೆ. ಹಲ್ಲಿಗೆ ತಣ್ಣನೆಯದನ್ನು ತಾಗಿಸಿ ಅಥವಾ ಸಣ್ಣ ಉಪಕರಣದಿಂದ ಪರೀಕ್ಷಿಸಿ ಒಳಗಿನ ನರ ಜೀವಂತವಿದೆಯೇ ಎಂದು ನೋಡುತ್ತಾರೆ, ಎಕ್ಸ್-ರೇ ತೆಗೆಯುತ್ತಾರೆ. ಹಲ್ಲು ಆರೋಗ್ಯವಾಗಿದ್ದರೆ ಊತಕ್ಕೆ ಕಾರಣ ಬೇರೆ. ಸೋಂಕಿಗೆ ಸರಿಯಾದ ಚಿಕಿತ್ಸೆ ಕೊಟ್ಟ ಮೇಲೂ ಊತ ಹೋಗದಿದ್ದರೆ ಮೊದಲ ಊಹೆಯನ್ನು ಬಿಟ್ಟು ಹೊಸದಾಗಿ ಯೋಚಿಸಬೇಕು. ದೊಡ್ಡಮ್ಮನ ವಿಷಯದಲ್ಲಿ ತಪ್ಪಿದ್ದು ಈ ಎರಡನೆಯ ಹೆಜ್ಜೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೆ. ಅಂಗುಳದಲ್ಲಿ ಇದ್ದಕ್ಕಿದ್ದಂತೆ ಆಳವಾದ ಗುಂಡಿಯಂಥ ಹುಣ್ಣಾಗಿ, ನೋಡಿದರೆ ಕ್ಯಾನ್ಸರೇ ಎನ್ನಿಸುವ, ಆದರೆ ಕ್ಯಾನ್ಸರ್ ಅಲ್ಲದ ಕಾಯಿಲೆಯೊಂದಿದೆ. ನೆಕ್ರೋಟೈಸಿಂಗ್ ಸಿಯಾಲೋಮೆಟಾಪ್ಲೇಸಿಯ ಎಂಬ ಉದ್ದ ಹೆಸರಿನ ಇದನ್ನು 1973ರಲ್ಲಿ ಮೊದಲು ವಿವರಿಸಲಾಯಿತು. ಗ್ರಂಥಿಗೆ ರಕ್ತ ಪೂರೈಕೆ ಕಡಿಮೆಯಾಗಿ ಉಂಟಾಗುತ್ತದೆ ಎಂದು ಭಾವಿಸಲಾಗುವ ಈ ಹುಣ್ಣು ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಮೈಕ್ರೋಸ್ಕೋಪ್‌ನಲ್ಲೂ ಅನುಭವ ಕಡಿಮೆ ಇರುವವರಿಗೆ ಇದು ಕ್ಯಾನ್ಸರ್‌ನಂತೆ ಕಾಣಬಹುದು. ಕಣ್ಣಳತೆಯಲ್ಲಿ ಹೇಳುವುದು, ಫೋಟೊ ನೋಡಿ ಹೇಳುವುದು ಎರಡೂ ಅಪಾಯ ಎನ್ನುವುದು ಇದಕ್ಕೇ.

ಯಾವಾಗ ತೋರಿಸಬೇಕು?

ಎರಡರಿಂದ ಮೂರು ವಾರವಾದರೂ ಹೋಗದ ಗಂಟು ಅಥವಾ ಹುಣ್ಣನ್ನು ತೋರಿಸಲೇಬೇಕು. ನೋವಿಲ್ಲ ಎನ್ನುವುದು ತಡಮಾಡಲು ಕಾರಣವಾಗಬಾರದು.

ಇನ್ನು ಕೆಲವು ಲಕ್ಷಣಗಳನ್ನು ವೈದ್ಯರು ಹೆಚ್ಚು ಗಂಭೀರವಾಗಿ ನೋಡುತ್ತಾರೆ. ಅಂಗುಳದ ಅಥವಾ ತುಟಿಯ ಒಂದು ಭಾಗ ಜೋಮು ಹಿಡಿದಂತಾಗುವುದು, ನಾಲಿಗೆ ಒಂದು ಕಡೆಗೆ ವಾಲುವುದು, ಮುಖದ ಒಂದು ಪಕ್ಕ ಸೋತಂತಾಗುವುದು, ಬಾಯಿ ತೆರೆಯಲು ಕಷ್ಟವಾಗುವುದು, ಕಾರಣವಿಲ್ಲದೆ ಮೇಲಿನ ಹಲ್ಲು ಅಲುಗಾಡುವುದು, ಕಟ್ಟಿಸಿದ ಹಲ್ಲಿನ ಸೆಟ್ ಇದ್ದಕ್ಕಿದ್ದಂತೆ ಕೂರದಿರುವುದು, ಕುತ್ತಿಗೆಯಲ್ಲಿ ಗಂಟು ಸಿಗುವುದು. ಇದರಲ್ಲಿ ಜೋಮಿಗೆ ವಿಶೇಷ ಅರ್ಥವಿದೆ. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಕ್ಕೆ ನರಗಳನ್ನು ಹಿಡಿದುಕೊಂಡು ಅವುಗಳ ಗುಂಟ ಸಾಗುವ ಸ್ವಭಾವವಿದೆ. ಹೊರಗೆ ಸಣ್ಣ ಗಂಟು ಕಾಣುವಾಗಲೇ ಒಳಗೆ ನರದ ಜಾಡಿನಲ್ಲಿ ಅದು ಮುಂದೆ ಹೋಗಿರಬಹುದು.

ಮೇಲ್ತುಟಿಯಲ್ಲಿ ಗಟ್ಟಿಯಾದ ಗಂಟು ಕಂಡರೂ ಉದಾಸೀನ ಮಾಡಬೇಡಿ. ನೀರುಗುಳ್ಳೆ ಸಾಮಾನ್ಯವಾಗಿ ಕೆಳತುಟಿಯದು. ಮೇಲ್ತುಟಿಯ ಗಂಟು ಗೆಡ್ಡೆಯಾಗಿರುವ ಸಾಧ್ಯತೆ ಹೆಚ್ಚು. ಹಾಗೆಯೇ ಕಡೆಯ ದವಡೆ ಹಲ್ಲಿನ ಹಿಂದೆ ಅಥವಾ ಅಂಗುಳದಲ್ಲಿ ನೀಲಿ ಛಾಯೆಯ ಮೆತ್ತನೆಯ ಉಬ್ಬಿದ್ದರೆ ಅದು ನೀರುಗುಳ್ಳೆಯಂತೆ ಕಂಡರೂ ಮ್ಯೂಕೋಎಪಿಡರ್ಮಾಯ್ಡ್ ಕಾರ್ಸಿನೋಮ ಆಗಿರಬಹುದು. ಜೊಲ್ಲುಗ್ರಂಥಿಯ ಕ್ಯಾನ್ಸರ್‌ಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ.

ಪತ್ತೆ ಹೇಗೆ ನಡೆಯುತ್ತದೆ?

ಮೊದಲ ಪರೀಕ್ಷೆ ಬೆರಳಿನದು. ಗಂಟು ಗಟ್ಟಿಯೋ ಮೆತ್ತಗೋ, ಅಡಿಯ ಮೂಳೆಗೆ ಅಂಟಿಕೊಂಡಿದೆಯೋ ಅಲುಗಾಡುತ್ತದೆಯೋ ಎಂದು ನೋಡುತ್ತಾರೆ. ಕುತ್ತಿಗೆಯನ್ನೂ, ಮುಖದ ನರಗಳನ್ನೂ ಪರೀಕ್ಷಿಸುತ್ತಾರೆ.

ಎರಡನೆಯದು ಸ್ಕ್ಯಾನ್. ಕಿವಿಯ ಮುಂದಿನ ಅಥವಾ ದವಡೆಯ ಕೆಳಗಿನ ಗಂಟಾದರೆ ಅಲ್ಟ್ರಾಸೌಂಡ್‌ನಿಂದ ಶುರು ಮಾಡುತ್ತಾರೆ. ಅಂಗುಳದ ಗಂಟಿಗೆ ಸಿಟಿ ಮತ್ತು ಎಂಆರ್‌ಐ ಹೆಚ್ಚು ಉಪಯುಕ್ತ. ಮೂಳೆ ಸವೆದಿದೆಯೇ ಎಂದು ಸಿಟಿ ಚೆನ್ನಾಗಿ ತೋರಿಸಿದರೆ, ನರದ ಗುಂಟ ರೋಗ ಹಬ್ಬಿದೆಯೇ ಎಂದು ಎಂಆರ್‌ಐ ಚೆನ್ನಾಗಿ ತೋರಿಸುತ್ತದೆ. ಆದರೆ ರೋಗ ಎಲ್ಲಿದೆ, ಎಷ್ಟಿದೆ ಎಂದು ಸ್ಕ್ಯಾನ್ ಹೇಳುತ್ತದೆಯೇ ಹೊರತು ಅದು ಯಾವ ರೋಗ ಎಂದು ಖಚಿತವಾಗಿ ಹೇಳುವುದಿಲ್ಲ. "ಸ್ಕ್ಯಾನ್ ಮಾಡಿಸಿದ್ದೀವಲ್ಲ, ಬಯಾಪ್ಸಿ ಯಾಕೆ?" ಎಂಬ ಪ್ರಶ್ನೆಗೆ ಉತ್ತರ ಇಷ್ಟೇ.

ಮೂರನೆಯದು ಗಂಟಿನ ಸ್ಯಾಂಪಲ್ ತೆಗೆಯುವುದು. ಇದರಲ್ಲಿ ಎರಡು ಬಗೆ. ತೆಳು ಸೂಜಿಯಿಂದ ಕೆಲವು ಜೀವಕೋಶಗಳನ್ನು ಎಳೆದು ನೋಡುವುದು ಎಫ್‌ಎನ್‌ಎಸಿ. ಗಂಟಿನ ಒಂದು ತುಣುಕನ್ನೇ ತೆಗೆದು ನೋಡುವುದು ಬಯಾಪ್ಸಿ. ಪರೋಟಿಡ್‌ನಂಥ ದೊಡ್ಡ ಗ್ರಂಥಿಗೆ ಸಾಮಾನ್ಯವಾಗಿ ಸೂಜಿಯ ಪರೀಕ್ಷೆ ಮಾಡುತ್ತಾರೆ. ಅಂಗುಳದಂಥ ಜಾಗದಲ್ಲಿ ಗಂಟು ಕೈಗೆ ಸಿಗುವುದರಿಂದ ನೇರವಾಗಿ ಬಯಾಪ್ಸಿ ಮಾಡುವುದೇ ಹೆಚ್ಚು. ಹಲ್ಲು ಕೀಳುವಾಗ ಕೊಡುವಂತೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಕೆಲವು ಮಿಲಿಮೀಟರ್ ಅಗಲದ ತುಣುಕು ತೆಗೆಯುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಬಹುಪಾಲು ಜನರು ಅದೇ ದಿನ ಮನೆಗೆ ಹೋಗುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಗೆಡ್ಡೆ ಮೇಲ್ಪದರದ ಅಡಿಯಲ್ಲಿ ಇರುವುದರಿಂದ ತುಣುಕು ಸಾಕಷ್ಟು ಆಳದಿಂದ ಬರಬೇಕು. ಬರೀ ಮೇಲಿನ ಪದರ ಬಂದರೆ ವರದಿಯಲ್ಲಿ "ಸಹಜ" ಎಂದೇ ಬರುತ್ತದೆ. ಗಂಟು ಕಣ್ಣೆದುರಿಗೇ ಇರುವಾಗ ವರದಿ ಸಹಜ ಎಂದರೆ, ಅಲ್ಲಿಗೆ ಸಮಾಧಾನಪಟ್ಟುಕೊಳ್ಳದೆ ವೈದ್ಯರನ್ನು ಮತ್ತೆ ಕೇಳಬೇಕು.

ಹಾಗಾದರೆ ಸೂಜಿ ಚುಚ್ಚಿದರೆ ಹರಡುತ್ತದೆಯೇ?

ಈ ಭಯ ಗಾಳಿಯಿಂದ ಹುಟ್ಟಿದ್ದಲ್ಲ. ಅದರ ಹಿಂದೆ ಒಂದು ಸಣ್ಣ ನಿಜವಿದೆ. ಆ ನಿಜವನ್ನು ಎಳೆದು ಎಳೆದು ಸುಳ್ಳು ಮಾಡಲಾಗಿದೆ.

ಜೊಲ್ಲುಗ್ರಂಥಿಯಲ್ಲಿ ಅತಿ ಸಾಮಾನ್ಯವಾಗಿ ಬರುವ ಗೆಡ್ಡೆ ಪ್ಲಿಯೋಮಾರ್ಫಿಕ್ ಅಡಿನೋಮ. ಇದು ಕ್ಯಾನ್ಸರ್ ಅಲ್ಲ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಇದರ ಹೊರಕವಚ ಒಡೆದು ಒಳಗಿನ ಭಾಗ ಚೆಲ್ಲಿದರೆ ಅದೇ ಜಾಗದಲ್ಲಿ ಹಲವು ಗಂಟುಗಳಾಗಿ ಮತ್ತೆ ಬೆಳೆಯಬಹುದು. ಈ ಕಾರಣಕ್ಕೆ ಪರೋಟಿಡ್ ಗ್ರಂಥಿಯ ಗಂಟನ್ನು ಚಾಕುವಿನಿಂದ ಕೊಯ್ದು ತುಣುಕು ತೆಗೆಯುವುದನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಜೊತೆಗೆ ಮುಖವನ್ನು ಆಡಿಸುವ ನರ ಆ ಗ್ರಂಥಿಯ ನಡುವೆಯೇ ಹಾದುಹೋಗುತ್ತದೆ. ಅಲ್ಲಿ ತೆಳು ಸೂಜಿ ಬಳಸುವುದೇ ಈ ಅಪಾಯ ತಪ್ಪಿಸಲು. ತೆಳು ಸೂಜಿಯ ಜಾಡಿನಲ್ಲಿ ಗೆಡ್ಡೆಯ ಕೋಶಗಳು ಬೆಳೆಯುವುದು ಅತ್ಯಂತ ವಿರಳ.

ಅಂದರೆ ಎಲ್ಲಿ, ಯಾವುದರಿಂದ, ಹೇಗೆ ತೆಗೆಯಬೇಕು ಎನ್ನುವ ಎಚ್ಚರಿಕೆ ವೈದ್ಯಶಾಸ್ತ್ರದಲ್ಲೇ ಇದೆ. ಫಾರ್ವರ್ಡ್ ಆ ಎಚ್ಚರಿಕೆಯನ್ನು ಕಿತ್ತುಹಾಕಿ "ಚುಚ್ಚಿಸಲೇಬೇಡಿ" ಎಂದಿತು.

ಇನ್ನೊಂದು ಕಾರಣಕ್ಕೂ ಜನ ಇದನ್ನು ನಂಬುತ್ತಾರೆ. "ಅವರಿಗೆ ಬಯಾಪ್ಸಿ ಮಾಡಿದರು, ಎರಡು ತಿಂಗಳಲ್ಲಿ ಎಲ್ಲ ಕಡೆ ಹರಡಿತು" ಎಂಬ ಕಥೆ ಪ್ರತಿ ಊರಲ್ಲೂ ಇದೆ. ರೋಗ ಬಲಿತ ಮೇಲೆ ಬಂದವರಿಗೆ ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ, ಆಮೇಲೆ ಮಾಡುವ ಸ್ಕ್ಯಾನ್‌ನಲ್ಲಿ ಅದು ಆಗಲೇ ಹರಡಿರುವುದು ಕಾಣುತ್ತದೆ. ಮೊದಲು ಬಯಾಪ್ಸಿ ಆಯಿತು, ಆಮೇಲೆ ಹರಡಿದ್ದು ತಿಳಿಯಿತು. ಹಾಗಾಗಿ ಬಯಾಪ್ಸಿಯಿಂದಲೇ ಹರಡಿತು ಎಂದು ಮನಸ್ಸು ಗಂಟು ಹಾಕುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಹಾಗೆ.

"ಸೂಜಿ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಬಂತು"

ಇದು ಮೇಲಿನದಕ್ಕಿಂತ ಕಡಿಮೆ ಚರ್ಚೆಯಾಗುವ, ಆದರೆ ಅಷ್ಟೇ ಅಪಾಯದ ತಪ್ಪು ತಿಳಿವಳಿಕೆ.

ಜೊಲ್ಲುಗ್ರಂಥಿಯ ಗಂಟಿನಲ್ಲಿ ಎಫ್‌ಎನ್‌ಎಸಿ "ಕ್ಯಾನ್ಸರ್ ಇದೆ" ಎಂದರೆ ಅದು ಬಹುತೇಕ ಸರಿಯಾಗಿಯೇ ಇರುತ್ತದೆ. ಆದರೆ "ಇಲ್ಲ" ಎಂದಾಗ ಅಷ್ಟೇ ಭರವಸೆ ಇಡುವಂತಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕ್ಯಾನ್ಸರ್ ಇದ್ದ ನೂರು ಗಂಟುಗಳಲ್ಲಿ ಸೂಜಿ ಪರೀಕ್ಷೆ ಸುಮಾರು 80ನ್ನು ಗುರುತಿಸುತ್ತದೆ. ಉಳಿದವು ತಪ್ಪಿಹೋಗುತ್ತವೆ.

ಹಿಂದೆ ಒಂದೊಂದು ಲ್ಯಾಬ್ ಒಂದೊಂದು ಭಾಷೆಯಲ್ಲಿ ವರದಿ ಬರೆಯುತ್ತಿತ್ತು. ಇದನ್ನು ಸರಿಪಡಿಸಲು 2018ರಲ್ಲಿ ಮಿಲಾನ್ ಪದ್ಧತಿ ಎಂಬ ಅಂತರರಾಷ್ಟ್ರೀಯ ಕ್ರಮ ಬಂತು. ಇದರಲ್ಲಿ ಆರು ವರ್ಗಗಳಿವೆ. ಮೊದಲನೆಯದೇ "ಹೇಳಲು ಸಾಕಷ್ಟು ಕೋಶಗಳು ಸಿಕ್ಕಿಲ್ಲ" ಎನ್ನುವುದು. ಕೊನೆಯದು "ಕ್ಯಾನ್ಸರ್". ನಡುವೆ ಅನುಮಾನದ ಹಲವು ಮೆಟ್ಟಿಲುಗಳಿವೆ. ನಿಮ್ಮ ವರದಿಯಲ್ಲಿ ಮೊದಲನೆಯ ವರ್ಗ ಬಂದಿದ್ದರೆ ಅದರರ್ಥ ರೋಗವಿಲ್ಲ ಎಂದಲ್ಲ, ಪರೀಕ್ಷೆ ಆಗಿಯೇ ಇಲ್ಲ ಎಂದು.

ಮೈಕ್ರೋಸ್ಕೋಪ್‌ನ ಕೆಳಗೂ ಸುಲಭವಲ್ಲ

ಬಯಾಪ್ಸಿ ತುಣುಕು ಪೆಥಾಲಜಿಸ್ಟ್ ಕೈ ಸೇರಿದ ಮೇಲೂ ಕೆಲಸ ಸರಳವಲ್ಲ. ಜೊಲ್ಲುಗ್ರಂಥಿಯ ಕ್ಯಾನ್ಸರ್‌ಗಳಲ್ಲಿ 20ಕ್ಕೂ ಹೆಚ್ಚು ಬಗೆಗಳಿವೆ. ಒಂದರಂತೆ ಇನ್ನೊಂದು ಕಾಣುತ್ತದೆ. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಮೈಕ್ರೋಸ್ಕೋಪ್‌ನಲ್ಲಿ ತೂತು ತೂತಾದ ದೋಸೆಯಂತೆ ಕಾಣುವುದು ಪ್ರಸಿದ್ಧ. ಆದರೆ ಅಂಗುಳದಲ್ಲೇ ಹೆಚ್ಚಾಗಿ ಬರುವ, ಸಾಮಾನ್ಯವಾಗಿ ಅಷ್ಟು ಉಗ್ರವಲ್ಲದ ಪಾಲಿಮಾರ್ಫಸ್ ಅಡಿನೋಕಾರ್ಸಿನೋಮದಲ್ಲೂ ಕೆಲವೆಡೆ ಅದೇ ತೂತುಗಳು ಕಾಣಬಹುದು. ಕ್ಯಾನ್ಸರ್ ಅಲ್ಲದ ಗೆಡ್ಡೆಯಲ್ಲೂ ಕಾಣಬಹುದು. ಗೆಡ್ಡೆ ತನ್ನ ಅಂಚು ದಾಟಿ ಸುತ್ತಲಿನ ಭಾಗಕ್ಕೆ ನುಗ್ಗಿದೆಯೇ ಎನ್ನುವುದೇ ಎಷ್ಟೋ ಸಲ ನಿರ್ಧಾರಕ. ಸಣ್ಣ ತುಣುಕಿನಲ್ಲಿ ಆ ಅಂಚೇ ಇರುವುದಿಲ್ಲ. ಹಾಗಾಗಿ ಗೆಡ್ಡೆಯನ್ನು ಪೂರ್ತಿ ತೆಗೆದ ಮೇಲೆ ವರದಿಯ ಹೆಸರು ಬದಲಾದರೆ ಅದನ್ನು ಲ್ಯಾಬ್‌ನ ಬೇಜವಾಬ್ದಾರಿ ಎಂದು ತಕ್ಷಣ ಹೇಳುವಂತಿಲ್ಲ.

ಅನುಮಾನ ಉಳಿದಾಗ ಇಮ್ಯುನೋಹಿಸ್ಟೋಕೆಮಿಸ್ಟ್ರಿ ಎಂಬ ವಿಶೇಷ ಬಣ್ಣದ ಪರೀಕ್ಷೆ ಮಾಡುತ್ತಾರೆ. ಅದಕ್ಕೂ ಮುಂದೆ ಜೀನ್ ಪರೀಕ್ಷೆಗಳಿವೆ. ಬಹಳಷ್ಟು ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಗಳಲ್ಲಿ ಎಂವೈಬಿ ಮತ್ತು ಎನ್‌ಎಫ್‌ಐಬಿ ಎಂಬ ಎರಡು ಜೀನ್‌ಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಹೆಸರು ಸರಿಯಾಗಿ ತಿಳಿದರೆ ಏನು ಲಾಭ ಎನ್ನುವುದಕ್ಕೆ ಸೆಕ್ರೆಟರಿ ಕಾರ್ಸಿನೋಮ ಒಳ್ಳೆಯ ಉದಾಹರಣೆ. 2010ರವರೆಗೆ ಈ ಕ್ಯಾನ್ಸರ್‌ಗೆ ಪ್ರತ್ಯೇಕ ಹೆಸರೇ ಇರಲಿಲ್ಲ. ಬೇರೆ ಬಗೆಗಳ ಲೆಕ್ಕದಲ್ಲಿ ಸೇರಿಹೋಗುತ್ತಿತ್ತು. ಆ ವರ್ಷ ಚೆಕ್ ದೇಶದ ಪೆಥಾಲಜಿಸ್ಟ್ ಅಲೆನಾ ಸ್ಕಾಲೊವಾ ಮತ್ತು ಸಂಗಡಿಗರು ಇದರಲ್ಲಿ ಇಟಿವಿ6 ಮತ್ತು ಎನ್‌ಟಿಆರ್‌ಕೆ3 ಜೀನ್‌ಗಳು ಬೆಸೆದುಕೊಂಡಿರುವುದನ್ನು ತೋರಿಸಿದರು. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಲ್ಯಾರೊಟ್ರೆಕ್ಟಿನಿಬ್ ಎಂಬ ಮಾತ್ರೆಗೆ ಒಪ್ಪಿಗೆ ಕೊಟ್ಟರು. ಎನ್‌ಟಿಆರ್‌ಕೆ ಬೆಸುಗೆಯಿರುವ, ಬಲಿತ ಕ್ಯಾನ್ಸರ್‌ಗಳಿಗೆ ಅದು ಗುರಿಯಿಟ್ಟು ಕೆಲಸ ಮಾಡುತ್ತದೆ. ಹೆಸರು ಗೊತ್ತಾಗದ ರೋಗಿಗೆ ಈ ದಾರಿ ಇದೆಯೆಂದೇ ಗೊತ್ತಾಗುವುದಿಲ್ಲ.

ಇನ್ನು ಮೂರು ಫಾರ್ವರ್ಡ್‌ಗಳು

"ಗುಟ್ಕಾ, ಸಿಗರೇಟು ಇಲ್ಲದವರಿಗೆ ಬಾಯಿ ಕ್ಯಾನ್ಸರ್ ಬರುವುದಿಲ್ಲ." ತಪ್ಪು. ತಂಬಾಕು ಬಾಯಿ ಕ್ಯಾನ್ಸರ್‌ಗೆ ದೊಡ್ಡ ಕಾರಣ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಜೊಲ್ಲುಗ್ರಂಥಿಯ ಕ್ಯಾನ್ಸರ್‌ಗೂ ತಂಬಾಕಿಗೂ ಅಂಥ ಸ್ಪಷ್ಟ ನಂಟು ಸಾಬೀತಾಗಿಲ್ಲ. ಅಮೆರಿಕದ ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್ ಪರೋಟಿಡ್ ಗ್ರಂಥಿಯ ಕ್ಯಾನ್ಸರ್‌ನಿಂದ 2014ರಲ್ಲಿ 54ನೇ ವಯಸ್ಸಿಗೆ ತೀರಿಕೊಂಡರು. ತಾವು ವರ್ಷಗಟ್ಟಲೆ ಜಗಿದ ತಂಬಾಕೇ ಕಾರಣ ಎಂದು ಅವರು ನಂಬಿದ್ದರು. ಅವರೊಬ್ಬರ ವಿಷಯದಲ್ಲಿ ಹೌದು, ಅಲ್ಲ ಎಂದು ಹೇಳಲಾಗದು. ಈ ಕ್ಯಾನ್ಸರ್‌ಗೆ ಚೆನ್ನಾಗಿ ಗೊತ್ತಿರುವ ಕಾರಣವೆಂದರೆ ವಿಕಿರಣ. ಹಿಂದೆ ತಲೆ, ಕುತ್ತಿಗೆಗೆ ರೇಡಿಯೇಷನ್ ಪಡೆದವರಲ್ಲಿ, ಹಿರೋಶಿಮಾ, ನಾಗಸಾಕಿಯ ಬಾಂಬ್ ದಾಳಿಯಲ್ಲಿ ಬದುಕುಳಿದವರಲ್ಲಿ ಇದು ಹೆಚ್ಚಾಗಿ ಕಂಡಿದೆ. ಆದರೆ ಬಹುಪಾಲು ರೋಗಿಗಳಲ್ಲಿ ಇಂಥದ್ದೇ ಕಾರಣ ಎಂದು ಬೆರಳು ತೋರಿಸಲು ಏನೂ ಇರುವುದಿಲ್ಲ. ಹಾಗಂತ ಗುಟ್ಕಾ ಸುರಕ್ಷಿತ ಎಂದು ಯಾರೂ ಅರ್ಥ ಮಾಡಿಕೊಳ್ಳಬೇಡಿ.

"ಮೊಬೈಲ್ ಕಿವಿಗೆ ಹಿಡಿದರೆ ಜೊಲ್ಲುಗ್ರಂಥಿ ಕ್ಯಾನ್ಸರ್." ಫೋನ್ ಹಿಡಿಯುವ ಜಾಗದಲ್ಲೇ ಪರೋಟಿಡ್ ಗ್ರಂಥಿ ಇರುವುದರಿಂದ ಈ ಅನುಮಾನ ಬಂದದ್ದು ಸಹಜ. 2008ರಲ್ಲಿ ಇಸ್ರೇಲ್‌ನ ಒಂದು ಅಧ್ಯಯನ ಬಹಳ ಹೆಚ್ಚು ಬಳಸುವವರ ಬಗ್ಗೆ ಇಂಥ ಅನುಮಾನ ಎತ್ತಿತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಕೇಳಿ ಮಾಡಿಸಿದ, 2024ರಲ್ಲಿ ಪ್ರಕಟವಾದ ದೊಡ್ಡ ವಿಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಜೊಲ್ಲುಗ್ರಂಥಿಯ ಗೆಡ್ಡೆಗೂ ನಂಟು ಕಂಡುಬಂದಿಲ್ಲ.

"ಒಂದು ರಕ್ತ ಪರೀಕ್ಷೆಯಲ್ಲಿ ಎಲ್ಲ ಕ್ಯಾನ್ಸರ್ ಗೊತ್ತಾಗುತ್ತದೆ." ಜೊಲ್ಲುಗ್ರಂಥಿಯ ಕ್ಯಾನ್ಸರನ್ನು ಖಚಿತಪಡಿಸುವ ರಕ್ತ ಪರೀಕ್ಷೆ ಇಂದು ಬಳಕೆಯಲ್ಲಿಲ್ಲ. ಗಂಟಿನ ತುಣುಕೇ ಬೇಕು.

ನೀವು ಏನು ಮಾಡಬಹುದು?

ಬಾಯಲ್ಲಿ ಏನಾದರೂ ಕಂಡರೆ ಫೋನಿನ ಟಾರ್ಚ್ ಹಾಕಿ ಒಂದು ಫೋಟೊ ತೆಗೆದಿಡಿ. ತಾರೀಖು ಅದರಲ್ಲೇ ಇರುತ್ತದೆ. ಎರಡು ವಾರದ ಮೇಲೆ ಅದೇ ಕೋನದಲ್ಲಿ ಇನ್ನೊಂದು ತೆಗೆಯಿರಿ. ರೋಗ ಗುರುತಿಸಲು ಇದು ಸಾಲದು, ಆದರೆ "ಎಷ್ಟು ದಿನದಿಂದ ಇದೆ, ಬೆಳೆದಿದೆಯಾ?" ಎಂದು ಡಾಕ್ಟರು ಕೇಳಿದಾಗ ಸರಿಯಾದ ಉತ್ತರ ಕೊಡಲು ನೆರವಾಗುತ್ತದೆ.

ಡಾಕ್ಟರ ಬಳಿ ಈ ಪ್ರಶ್ನೆಗಳನ್ನು ಕೇಳಲು ಸಂಕೋಚ ಬೇಡ. ಈ ಗಂಟು ಹಲ್ಲಿನಿಂದಲೇ ಬಂದದ್ದು ಎಂದು ಹೇಗೆ ಗೊತ್ತಾಯಿತು? ಎಷ್ಟು ದಿನದಲ್ಲಿ ಇಳಿಯಬೇಕು? ಇಳಿಯದಿದ್ದರೆ ಮುಂದೇನು?

ಬಯಾಪ್ಸಿ ಆದರೆ ವರದಿಯ ಹಾಳೆ ಮಾತ್ರ ಇಟ್ಟುಕೊಳ್ಳಬೇಡಿ. ಗಾಜಿನ ಸ್ಲೈಡ್ ಮತ್ತು ಮೇಣದಲ್ಲಿ ಕೂರಿಸಿಟ್ಟ ತುಣುಕು, ಅಂದರೆ ಬ್ಲಾಕ್, ಲ್ಯಾಬ್‌ನಲ್ಲಿ ಇರುತ್ತವೆ. ಅಪರೂಪದ ಕ್ಯಾನ್ಸರ್ ಎಂದು ಬಂದರೆ ಅವನ್ನು ಕೇಳಿ ಪಡೆದು, ಇಂಥ ರೋಗಗಳನ್ನು ಹೆಚ್ಚು ನೋಡುವ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಎರಡನೆಯ ಅಭಿಪ್ರಾಯಕ್ಕೆ ಕೊಡಬಹುದು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸರ್ಕಾರಿ ವ್ಯವಸ್ಥೆಯ ಇಂಥ ಕೇಂದ್ರ. ಹೀಗೆ ಮಾಡುವುದರಿಂದ ಮತ್ತೆ ಚುಚ್ಚಿಸಿಕೊಳ್ಳುವ ಅಗತ್ಯ ಎಷ್ಟೋ ಸಲ ಬರುವುದಿಲ್ಲ.

ದೊಡ್ಡಮ್ಮ ಈಗ ಹೇಗಿದ್ದಾರೆ?

ಅಂಗುಳದ ಒಂದು ಭಾಗವನ್ನು ತೆಗೆದರು, ಆಮೇಲೆ ರೇಡಿಯೇಷನ್ ಕೊಟ್ಟರು. ತೂತು ಮುಚ್ಚಲು ಹಲ್ಲಿನ ಸೆಟ್‌ನಂಥ ಒಂದು ತಟ್ಟೆ ಮಾಡಿಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡರೆ ಮಾತು ಸ್ಪಷ್ಟ, ಊಟವೂ ಸರಾಗ. ತೆಗೆದರೆ ನೀರು ಕುಡಿದಾಗ ಮೂಗಿಗೆ ಬರುತ್ತದೆ. ಈ ಕ್ಯಾನ್ಸರ್ ಹತ್ತು, ಹದಿನೈದು ವರ್ಷಗಳ ನಂತರವೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದಾದ್ದರಿಂದ ಐದು ವರ್ಷ ದಾಟಿತೆಂದು ತಪಾಸಣೆ ಬಿಡುವಂತಿಲ್ಲ. ವರ್ಷಕ್ಕೊಮ್ಮೆ ಎದೆಯ ಸ್ಕ್ಯಾನ್‌ಗೆ ಹೋಗಿಬರುತ್ತಾರೆ.

ಮೂರು ತಿಂಗಳು ಮೊದಲೇ ಬಯಾಪ್ಸಿ ಮಾಡಿಸಿದ್ದರೆ ಕತ್ತರಿಸಿದ ಭಾಗ ಚಿಕ್ಕದಾಗಿರುತ್ತಿತ್ತೇ ಎಂದು ನಾನು ಶಸ್ತ್ರಚಿಕಿತ್ಸಕರನ್ನು ಕೇಳಿದೆ. "ಇಷ್ಟು ನಿಧಾನವಾಗಿ ಬೆಳೆಯುವ ರೋಗದಲ್ಲಿ ಅದನ್ನು ಹೇಳಲಾಗದು. ಆದರೆ ಕಾಯುವುದರಿಂದ ಸಿಕ್ಕಿದ್ದೇನೂ ಇಲ್ಲ" ಎಂದರು.

ಆ ಫಾರ್ವರ್ಡ್ ಕಳಿಸಿದ ಮಾವನಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಒಂದು ಜೀವ ಉಳಿಯಲಿ ಎಂದೇ ಕಳಿಸಿದ್ದರು. ಆ ಸಂದೇಶ ಇಂದಿಗೂ ಸುತ್ತುತ್ತಿದೆ. ಮುಂದಿನ ಸಲ ನಿಮ್ಮ ಗ್ರೂಪ್‌ಗೆ ಬಂದಾಗ ನನ್ನಂತೆ ಸುಮ್ಮನಿರಬೇಡಿ. ಜಗಳ ಆಡಬೇಕಿಲ್ಲ, ಯಾರನ್ನೂ ಹೀಯಾಳಿಸಬೇಕಿಲ್ಲ. "ಸೂಜಿಯಿಂದ ಹರಡುವುದಿಲ್ಲ, ಸೂಜಿಯಿಂದ ಗೊತ್ತಾಗುತ್ತದೆ" ಎಂದು ಒಂದು ಸಾಲು ಬರೆಯಿರಿ. ಆ ಗ್ರೂಪ್‌ನಲ್ಲಿ ಯಾರಾದರೂ ಆ ವಾರವೇ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಿರಬಹುದು.